ಎರೆ ಹೊಲದಿಂದ ಧೂಮಕೇತುವನ್ನು ಹಿಡಿದ ಬಗೆ

ಧೂಮಕೇತುವಿನ ಚಿತ್ರ ತೆಗೆಯಲು ಹೊರಡುವವರು ಮೊದಲು ತಿಳಿಯಬೇಕಾದದ್ದು ಅದರ ಗಾತ್ರವನ್ನಲ್ಲ, ಆ ದಿನಗಳಲ್ಲಿ ಸೂರ್ಯ, ಭೂಮಿ ಮತ್ತು ಅದು ಎಲ್ಲೆಲ್ಲಿ ಇರುತ್ತವೆ ಎಂಬುದನ್ನು. 1996ರ ಹ್ಯಾಕುಟಾಕೆ ಚಿಕ್ಕದಾಗಿದ್ದರೂ ಭೂಮಿಯಿಂದ ಕೇವಲ ಒಂದೂವರೆ ಕೋಟಿ ಕಿಲೋಮೀಟರ್ ದೂರದಲ್ಲಿ ಹಾದುಹೋದದ್ದರಿಂದ ಅದರ ಬಾಲ ಆಕಾಶದ ಅರ್ಧದಷ್ಟು ಚಾಚಿಕೊಂಡಿತ್ತು. ಮರುವರ್ಷ ಬೆಳಗಿದ ಹೇಲ್–ಬಾಪ್ ಹತ್ತೊಂಬತ್ತು ಕೋಟಿ ಕಿಲೋಮೀಟರಿಗಿಂತ ಹತ್ತಿರ ಬರದಿದ್ದರೂ ತನ್ನ ಭಾರಿ ಗಾತ್ರದಿಂದಾಗಿ ಸುಮಾರು 18 ತಿಂಗಳು ಬರಿಗಣ್ಣಿಗೆ ಕಂಡಿತು. 1910ರಲ್ಲಿ ಜನರನ್ನು ಬೆರಗುಗೊಳಿಸಿದ ಹ್ಯಾಲಿ 1986ರಲ್ಲಿ ಮಂಕಾಗಿ ಕಂಡದ್ದಕ್ಕೆ, ಫೆಬ್ರುವರಿಯಲ್ಲಿ ಅದು ಸೂರ್ಯನಿಗೆ ಅತ್ಯಂತ ಸಮೀಪವಿದ್ದಾಗ ನಮ್ಮ ಪಾಲಿಗೆ ಸೂರ್ಯನ ಆಚೆ ಬದಿಯಲ್ಲಿದ್ದುದೇ ಕಾರಣ.

ತ್ಸುಚಿನ್‌ಶಾನ್–ಅಟ್ಲಾಸ್, ಅಂದರೆ ನಾನು ಚಿತ್ರ ತೆಗೆಯಲು ಹೊರಟಿದ್ದ ಧೂಮಕೇತು, 2024ರ ಅಕ್ಟೋಬರ್ 12ರಂದು ಭೂಮಿಗೆ ಸುಮಾರು ಏಳು ಕೋಟಿ ಕಿಲೋಮೀಟರ್ ಸಮೀಪ ಬಂದು, ಆ ಬಳಿಕ ಸಂಜೆಯ ಪಶ್ಚಿಮಾಕಾಶಕ್ಕೆ ಸರಿಯಿತು. ಗೋಳಗುಮ್ಮಟವೂ ಚಿತ್ರದಲ್ಲಿರಲಿ ಎಂದು ಗೆಳೆಯರು ಒತ್ತಾಯಿಸಿದರು. ಆದರೆ ಗುಮ್ಮಟ ಇರುವುದು ವಿಜಯಪುರದ ಪೂರ್ವ ಅಂಚಿನಲ್ಲಿ. ಅದರಾಚೆ ನಿಂತು ಪಶ್ಚಿಮಕ್ಕೆ ಕ್ಯಾಮೆರಾ ತಿರುಗಿಸಿದರೆ ಇಡೀ ಊರಿನ ದೀಪಗಳು ಅದೇ ದಿಕ್ಕಿನಲ್ಲಿ ಬೀಳುತ್ತವೆ. ಆದ್ದರಿಂದ ನಾನು ಊರು ದಾಟಿ ತಿಕೋಟಾದ ಕಡೆ ಹೋದೆ. ಅಲ್ಲಿಯೂ ಎಲ್ಲ ಹೊಲಗಳು ಸಲ್ಲುವುದಿಲ್ಲ: ಅಕ್ಟೋಬರಿನಲ್ಲಿ ತೊಗರಿ ಆಳೆತ್ತರ ನಿಂತಿರುತ್ತದೆ, ದ್ರಾಕ್ಷಿ ಪಡಗಳ ಕಂಬ-ತಂತಿಗಳು ದಿಗಂತವನ್ನು ಮರೆಮಾಡುತ್ತವೆ. ಹಿಂಗಾರಿ ಜೋಳ ಬಿತ್ತಿದ ಎರೆ ಹೊಲದ ಬದುವೇ ನನಗೆ ಒದಗಿದ ಅತ್ಯುತ್ತಮ ಜಾಗ. ಹೊಲದ ಯಜಮಾನರನ್ನು ಮೊದಲೇ ಕೇಳಿಕೊಂಡಿದ್ದೆ. ಕತ್ತಲಲ್ಲಿ ಟ್ರೈಪಾಡ್ ಹೊತ್ತು ಬದುವಿನ ಮೇಲೆ ನಡೆಯುವವನನ್ನು ಯಾರಾದರೂ ಅನುಮಾನಿಸುವುದು ಸಹಜವೇ.

ಗುರುತು ಹಿಡಿಯುವುದು ಕಷ್ಟವಾಗಲಿಲ್ಲ. ಸೂರ್ಯ ಮುಳುಗಿ ಮುಕ್ಕಾಲು ಗಂಟೆಯಾದ ಮೇಲೆ ಎಡಕ್ಕೆ ತಗ್ಗಿನಲ್ಲಿ ಶುಕ್ರ, ಬಲಕ್ಕೆ ಸ್ವಾತಿ ನಕ್ಷತ್ರ; ಇವೆರಡರ ನಡುವಿನ ಜಾಗವನ್ನು ದುರ್ಬೀನಿನಿಂದ ನಿಧಾನವಾಗಿ ಸವರಿದಾಗ, ಮೇಲ್ಮುಖವಾಗಿ ಎಳೆದ ಬೂದುಗೆರೆಯಂತೆ ಬಾಲ ಕಾಣಿಸಿತು. 50 ಮಿಲಿಮೀಟರ್ ಲೆನ್ಸನ್ನು ಪೂರ್ತಿ ತೆರೆದು, ಐಎಸ್‌ಒ 1600ರಲ್ಲಿ (ಇದು ಕ್ಯಾಮೆರಾ ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯ ಅಳತೆ), ಆರು ಸೆಕೆಂಡುಗಳ ಎಕ್ಸ್‌ಪೋಷರ್ ಇಟ್ಟೆ. ಹತ್ತು ಸೆಕೆಂಡು ಮೀರಿದರೆ ಭೂಮಿಯ ತಿರುಗುವಿಕೆಯಿಂದ ಚುಕ್ಕಿಗಳು ಗೆರೆಗಳಾಗುತ್ತವೆ. ಫೋಕಸ್ಸನ್ನು ಶುಕ್ರನ ಮೇಲೆ ಕೈಯಿಂದಲೇ ಹೊಂದಿಸಿ, ಆಮೇಲೆ ಲೆನ್ಸಿನ ಬಳೆಯನ್ನು ಮುಟ್ಟಲಿಲ್ಲ. ಕೈ ತಾಗಿ ಕ್ಯಾಮೆರಾ ಅಲುಗದಂತೆ ಟೈಮರ್ ಹಾಕಿದ್ದೆ.

ಪತ್ರಿಕೆಗಳಲ್ಲಿ ಸುದ್ದಿ ಜೋರಾಗಿದ್ದ ವಾರದಲ್ಲಿ ಚಂದ್ರನ ಬೆಳಕು ಹೆಚ್ಚಿತ್ತು, ಹುಣ್ಣಿಮೆ 17ಕ್ಕೆ. ನನ್ನ ಒಳ್ಳೆಯ ಚಿತ್ರಗಳೆಲ್ಲ 20ರ ನಂತರದವು. ಅಷ್ಟರಲ್ಲಿ ಧೂಮಕೇತು ಮಂಕಾಗಿತ್ತು, ಆದರೆ ದಿಗಂತದ ಧೂಳಿನಿಂದ ಬಹಳ ಮೇಲೆ ಏರಿತ್ತು, ಚಂದ್ರನೂ ತಡವಾಗಿ ಹುಟ್ಟುತ್ತಿದ್ದ. ಬರಿಗಣ್ಣಿಗೆ ಬೆರಳಗಲದಷ್ಟೇ ತೋರುತ್ತಿದ್ದ ಬಾಲವು, ಒಂದರ ಮೇಲೊಂದು ಜೋಡಿಸಿದ ಚಿತ್ರಗಳಲ್ಲಿ ಚೌಕಟ್ಟಿನ ಅರ್ಧದವರೆಗೆ ಚಾಚಿಕೊಂಡಿತ್ತು.