ಮರಕ್ಕೆ ಬೇಲಿ ಬೇಡ, ಕೋರೆಗೆ ಬೇಕು

ಮಕ್ಕಳ ಆಟದ ಜಾಗ ನೋಡಿಕೊಳ್ಳುವಾಗ ನಾನು ಅಪಾಯವನ್ನು ಎರಡು ಪಾಲು ಮಾಡುತ್ತೇನೆ: ಮಗುವಿನ ಕಣ್ಣಿಗೆ ಕಾಣುವುದು, ಕಾಣದಿರುವುದು. ಕೊಂಬೆ ಎಷ್ಟು ಎತ್ತರದಲ್ಲಿದೆ ಎಂದು ಆರು ವರ್ಷದ ಮಗುವಿಗೂ ಗೊತ್ತಾಗುತ್ತದೆ. ಅದರ ಒಳಗನ್ನು ಗೆದ್ದಲು ತಿಂದಿದೆ ಎಂದು ಗೊತ್ತಾಗುವುದಿಲ್ಲ. ಎರಡನೆಯದನ್ನು ನಿವಾರಿಸುವುದು ದೊಡ್ಡವರ ಕೆಲಸ, ಮೊದಲನೆಯದನ್ನು ಮಗುವಿಗೇ ಬಿಡಬೇಕು. ಕಾಸರಗೋಡಿನ ನಮ್ಮ ಊರುಗಳಲ್ಲಿ ನಡೆಯುತ್ತಿರುವುದು ಇದರ ತಿರುಗುಮುರುಗು. ಮಾವಿನ ಮರ ಹತ್ತಿದರೆ ಗದರುತ್ತೇವೆ. ಗುಡ್ಡೆಯಲ್ಲಿ ಕೆಂಪುಕಲ್ಲು ತೆಗೆದು ಬಿಟ್ಟ ಕೋರೆಯ ಹೊಂಡಕ್ಕೆ ಒಂದು ಅಡ್ಡಗಳುವನ್ನೂ ಕಟ್ಟುವುದಿಲ್ಲ.

ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ 2007ರಲ್ಲಿ ಸಾಹಸದ ಆಟಗಳನ್ನು ಆರು ಬಗೆಯಾಗಿ ವಿಂಗಡಿಸಿದರು: ಎತ್ತರ, ವೇಗ, ಹತಾರು, ಬೆಂಕಿ-ನೀರಿನಂಥವು, ಮೈಮೇಲೆ ಬೀಳುವ ಕುಸ್ತಿ, ದೊಡ್ಡವರ ಕಣ್ಣಿನಿಂದ ದೂರ ಹೋಗುವುದು. ಇವುಗಳಿಗಾಗಿ ನಾವು ಹೊಸದೇನನ್ನೂ ಕೊಳ್ಳಬೇಕಾಗಿಲ್ಲ. ಮರ, ಅಡಿಕೆ ಹಾಳೆ, ಪೀಶಕತ್ತಿ (ಚಿಕ್ಕ ಚಾಕು), ಗೇರುಬೀಜ ಸುಡುವ ಒಲೆ, ತೋಡು (ಸಣ್ಣ ಹಳ್ಳ) ಎಲ್ಲ ಇಲ್ಲೇ ಇವೆ.

ಮರದಿಂದ ಶುರು ಮಾಡುತ್ತೇನೆ. ಹುಣಸೆ, ಮಾವು, ಪೇರಳೆ ಗಟ್ಟಿ. ಗೇರುಮರ ತಗ್ಗಿನಲ್ಲೇ ಕವಲೊಡೆದು ಹರಡುವುದರಿಂದ ಮೊದಲ ಸಲ ಹತ್ತುವವರಿಗೆ ಸುಲಭ, ಆದರೆ ಒಣಕೊಂಬೆ ಹೆಚ್ಚು, ಚಗಳಿ ಇರುವೆಯೂ ಇರುತ್ತದೆ. ನುಗ್ಗೆ, ನೇರಳೆ, ರಬ್ಬರ್ ಮರಗಳ ಕೊಂಬೆ ಸೂಚನೆ ಕೊಡದೆ ಮುರಿಯುತ್ತದೆ, ಅವು ಬೇಡವೇ ಬೇಡ. ವಿದ್ಯುತ್ ತಂತಿ ಹಾದುಹೋಗುವ ಮರವೂ ಬೇಡ. ಆರಿಸಿದ ಮರದ ಒಣಕೊಂಬೆಗಳನ್ನು ಬುಡಸಮೇತ ಕೊಯ್ದು ತೆಗೆಯಬೇಕು. ಆಮೇಲೆ ನೆಲ ನೋಡಬೇಕು, ಹೆಚ್ಚಿನವರು ಮರೆಯುವುದು ಇದನ್ನೇ. ಪೊದೆ ಸವರಿದಾಗ ಓರೆಯಾಗಿ ಕಡಿದ ಕೂಳೆಗಳು ಉಳಿದಿರುತ್ತವೆ. ಎರಡು ಮೀಟರ್ ಎತ್ತರದಿಂದ ಬರಿಯ ಮಣ್ಣಿಗೆ ಬಿದ್ದರೆ ಸಾಮಾನ್ಯವಾಗಿ ತರಚುಗಾಯ, ಕೆಲವೊಮ್ಮೆ ಕೈಮೂಳೆ ಬಿರುಕು. ಅದೇ ಎತ್ತರದಿಂದ ಕೂಳೆಯ ಮೇಲೆ ಬಿದ್ದರೆ ಹೊಟ್ಟೆಗೇ ಚುಚ್ಚಬಹುದು. ಕೊಂಬೆ ಹರಡಿದಷ್ಟಕ್ಕೂ, ಅದರಾಚೆಗೆ ಎರಡು ಮೀಟರ್ ವರೆಗೂ ಕೂಳೆ, ಮುರಕಲ್ಲಿನ ಚೂರು, ಬಾಟಲಿ ಗಾಜು ಎಲ್ಲ ಹೆಕ್ಕುತ್ತೇವೆ.

ಹತ್ತುವ ಮೊದಲು ಚಪ್ಪಲಿ, ಶಾಲು, ಕೊರಳಿನ ಸರ ಮತ್ತು ಶಾಲೆಯ ಗುರುತಿನ ಚೀಟಿಯ ದಾರ ತೆಗೆಸುವುದು ಕಡ್ಡಾಯ. ಕೊರಳಲ್ಲಿರುವ ದಾರ ಕೊಂಬೆಗೆ ಸಿಕ್ಕಿದರೆ ಬೀಳುವುದಕ್ಕಿಂತ ದೊಡ್ಡ ಅನಾಹುತ. ಎರಡು ಕೈ, ಎರಡು ಕಾಲಿನಲ್ಲಿ ಯಾವಾಗಲೂ ಮೂರು ಮರಕ್ಕೆ ಅಂಟಿರಬೇಕು. ಕಾಲಿಡುವ ಕೊಂಬೆ ಮಗುವಿನ ತೋಳಿಗಿಂತ ದಪ್ಪ ಇರಬೇಕು, ಕಾಲು ಕಾಂಡದ ಹತ್ತಿರವೇ ಊರಬೇಕು. ಇಳಿಯುವಾಗ ಮುಖ ಮರದ ಕಡೆಗೆ. ಯಾರನ್ನೂ ಎತ್ತಿ ಕೊಂಬೆಯ ಮೇಲೆ ಕೂರಿಸುವುದಿಲ್ಲ: ತಾನಾಗಿ ಹತ್ತಲಾರದ ಎತ್ತರದಿಂದ ಮಗು ತಾನಾಗಿ ಇಳಿಯಲಾರದು. "ಜಾಗ್ರತೆ, ಬೀಳ್ತೀ!" ಎಂದು ಕೆಳಗಿನಿಂದ ಕೂಗುವವರನ್ನು ದೂರ ಕೂರಿಸುತ್ತೇವೆ. ಕೂಗಿದ ಕೂಡಲೇ ಮಗು ಹಿಡಿತ ಬಿಟ್ಟು ನಮ್ಮ ಕಡೆ ತಿರುಗುತ್ತದೆ. "ಎಡಗಾಲು ಇನ್ನು ಎಲ್ಲಿಡ್ತೀ?" ಎಂದು ಮೆಲ್ಲಗೆ ಕೇಳಿದರೆ ಅದರ ಕಣ್ಣು ಕಾಲಿನ ಕಡೆಗೇ ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ತೊಗಟೆಗೆ ಪಾಚಿ ಹಿಡಿಯುವುದರಿಂದ ಮರ ಹತ್ತುವುದು ಪೂರ್ತಿ ಬಂದ್.

ನಾವೇ ಕಟ್ಟಿದ ಏಣಿ, ಅಟ್ಟಗಳ ಲೆಕ್ಕ ಬೇರೆ. ಆಟದ ಸಲಕರಣೆಗಳಿಗಿರುವ ಯುರೋಪಿನ ಮಾನದಂಡ ಇಎನ್ 1176 ಬೀಳುವ ಎತ್ತರಕ್ಕೆ 3 ಮೀಟರ್ ಮಿತಿ ಹಾಕುತ್ತದೆ. ಎಲ್‌ಪಿ (ಕಿರಿಯ ಪ್ರಾಥಮಿಕ) ಮಕ್ಕಳಿಗೆ ನಾವು ಒಂದೂವರೆ ಮೀಟರ್ ದಾಟುವುದಿಲ್ಲ. ಡಿಸೆಂಬರ್ ಆದ ಮೇಲೆ ನಮ್ಮ ಕೆಂಪುಮಣ್ಣು ಕಾಂಕ್ರೀಟಿನಂತೆ ಗಟ್ಟಿಯಾಗುವುದರಿಂದ ಕೆಳಗೆ ಮೆತ್ತನೆ ಹಾಸು ಬೇಕು. ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ಕೈಪಿಡಿಯ ಪ್ರಕಾರ 23 ಸೆಂ.ಮೀ. ಮರಳು ಸುಮಾರು 1.2 ಮೀಟರ್ ಎತ್ತರದ ಬೀಳುವಿಕೆಗೆ ಸಾಕು, ಅಷ್ಟೇ ಮರದ ಚಕ್ಕೆ 3 ಮೀಟರಿಗೆ. ಹಾಗಾಗಿ ಮರದ ಮಿಲ್ಲಿನಿಂದ ಚಕ್ಕೆ ತಂದು 30 ಸೆಂ.ಮೀ. ಹಾಕುತ್ತೇವೆ, ತುಳಿದು ತಗ್ಗುವ ಪಾಲು ಅದರಲ್ಲೇ ಸೇರಿದೆ. ಹಾವು, ಚೇಳು ಸೇರಿರಬಹುದೆಂದು ಪ್ರತಿ ಬೆಳಿಗ್ಗೆ ಉದ್ದ ಕೋಲಿನಿಂದ ಕೆದಕುವುದು ತಪ್ಪಿಸುವಂತಿಲ್ಲ. ಏಣಿಯ ಮೆಟ್ಟಿಲುಗಳ ಸಂದು 9 ಸೆಂ.ಮೀ.ಗಿಂತ ಕಮ್ಮಿ ಅಥವಾ 23ಕ್ಕಿಂತ ಹೆಚ್ಚು ಇರಬೇಕು. ನಡುವಿನ ಅಳತೆಯಲ್ಲಿ ಮೈ ತೂರಿ ತಲೆ ಸಿಕ್ಕಿಕೊಳ್ಳುತ್ತದೆ.

ಹಾಳೆಯ ಮೇಲೆ ಕೂತು ಜಾರುವ ಆಟಕ್ಕೆ ಹಿಂದಿನ ದಿನ ಬಿದ್ದ ಹಾಳೆ ಒಳ್ಳೆಯದು, ಒಣಗಿದ್ದು ಸೀಳಿ ತೊಡೆ ಗೀರುತ್ತದೆ. ಪೀಶಕತ್ತಿ ಹಿಡಿದವರು ಕೂತೇ ಕೆತ್ತಬೇಕು, ಮೈಯಿಂದ ಹೊರಕ್ಕೆ; ಸುತ್ತ ಒಂದು ಕೈಯಳತೆಯಲ್ಲಿ ಯಾರೂ ಇರಬಾರದು, ತೊಡೆಯ ಸಂದಿನಲ್ಲಿಟ್ಟು ಕೆತ್ತಬಾರದು. ಮೊಂಡು ಕತ್ತಿ ಕೊಡಬೇಡಿ. ಬಲ ಹಾಕಿದಾಗ ಜಾರುವುದು ಅದೇ.

ಬೆಂಕಿ ಕಲಿಸಲು ಗೇರುಬೀಜ ಸುಡುವುದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ, ಭಗ್ಗನೆ ಹೊತ್ತುತ್ತದೆ, ಹೊಗೆ ಕಣ್ಣು ಉರಿಸುತ್ತದೆ. ಎಲ್ಲವೂ ಎದುರಿಗೇ ಕಾಣುತ್ತದೆ. ಮೂರು ಮೀಟರ್ ಸುತ್ತ ತರಗೆಲೆ ಗುಡಿಸಿ ಬರಿಮಣ್ಣು ಮಾಡಿ ಮೂರು ಕಲ್ಲಿನ ಒಲೆ ಹೂಡಿ. ಮೇಲೆ ತೂತು ಹೊಡೆದ ಹಳೆ ತಗಡು, ಅದರಲ್ಲಿ ಎರಡು ಮೂರು ದಿನ ಬಿಸಿಲಲ್ಲಿ ಒಣಗಿದ ಬೀಜ ಒಂದೇ ಪದರ. ಹಸಿಬೀಜ ಸಿಡಿಯುತ್ತದೆ. ಕೆದಕುವುದು ಒಬ್ಬರೇ, ಗಾಳಿಗೆ ಬೆನ್ನು ಹಾಕಿ, ಒಂದೂವರೆ ಮೀಟರ್ ಕೋಲಿನಿಂದ. ಉಳಿದವರು ಎರಡು ಮೀಟರ್ ಆಚೆ. ಹತ್ತಿ ಬಟ್ಟೆ, ಕಟ್ಟಿದ ಕೂದಲು. ಪಾಲಿಯೆಸ್ಟರ್ ಕರಗಿ ಮೈಗಂಟುತ್ತದೆ. ಸಿಪ್ಪೆ ಕರಿಯಾದಾಗ ತಗಡು ಮಗುಚಿ ಮರಳು ಮುಚ್ಚಬೇಕು. ಉರಿಯುವ ಎಣ್ಣೆಗೆ ನೀರು ಹೊಯ್ದರೆ ಸಿಡಿಯುತ್ತದೆ. ಒಡೆಯುವವರ ಕೈಗೆ ಬೂದಿ ಇಲ್ಲವೇ ತೆಂಗಿನೆಣ್ಣೆ. ಯಾವ ಮಗುವಿಗೆ ಗೇರುಬೀಜ ಆಗುವುದಿಲ್ಲ ಎಂದು ಮನೆಯವರಲ್ಲಿ ಮೊದಲೇ ಕೇಳಿ. ಸುಟ್ಟ ಜಾಗವನ್ನು 20 ನಿಮಿಷ ತಣ್ಣನೆ ಹರಿಯುವ ನೀರಿಗೆ ಹಿಡಿಯಬೇಕು; ಪೇಸ್ಟು, ಶಾಯಿ ಯಾವುದೂ ಬೇಡ. ಒಲೆಗೆ ಒಂಬತ್ತು ದಾಟಿದವರು, ಚಿಕ್ಕವರು ಒಡೆಯುವುದಕ್ಕೆ.

ನೀರಿನಲ್ಲಿ ಮಾತ್ರ ನಾನು ಬಿಗಿ. ಮುಳುಗುವ ಮಗು ಕೂಗುವುದಿಲ್ಲ. ತೋಡಿಗೆ ಕಟ್ಟ (ತಾತ್ಕಾಲಿಕ ಒಡ್ಡು) ಹಾಕಿ ನೀರು ತಿಳಿಯಾದ ಮೇಲೆ, ಡಿಸೆಂಬರ್-ಜನವರಿಯಲ್ಲಿ ಈಜು ಕಲಿಸುತ್ತೇವೆ. ಕಟ್ಟದ ನೀರು ದಿನದಿಂದ ದಿನಕ್ಕೆ ಏರುವುದರಿಂದ ಪ್ರತಿ ಸಲ ಕೋಲಿನಿಂದ ಅಳೆದು, ಮಗುವಿನ ಸೊಂಟದಷ್ಟು ಆಳದಲ್ಲೇ ಇಳಿಸಬೇಕು. ಕಟ್ಟದ ಬುಡಕ್ಕೆ ಹೋಗಕೂಡದು, ಅಲ್ಲಿ ಕೆಸರು ಕಾಲು ಹಿಡಿಯುತ್ತದೆ. ಸಿಪ್ಪೆ ಸುಲಿಯದ ಎರಡು ಒಣ ತೆಂಗಿನಕಾಯಿಗಳನ್ನು ಬಟ್ಟೆಯಿಂದ ಜೋಡಿಸಿ ಎದೆಯಡಿಗೆ ಕೊಡುತ್ತೇವೆ. ಅದು ಕಲಿಕೆಗೆ ಮಾತ್ರ, ಕಾವಲಿಗಲ್ಲ. ದೊಡ್ಡವರು ನೀರಿನಲ್ಲೇ ಕೈಯಳತೆಯಲ್ಲಿರಬೇಕು, ಫೋನು ದಡದಲ್ಲಿ. ಬೇಸಿಗೆಯ ಬೆಚ್ಚಗಿನ ನಿಂತ ನೀರಿನಲ್ಲಿ ತಲೆ ಮುಳುಗಿಸುವುದಿಲ್ಲ, ಮೂಗಿನಿಂದ ಮಿದುಳಿಗೇರುವ ಅಮೀಬಾ ಕೇರಳದಲ್ಲಿ 2024 ಮತ್ತು 2025ರಲ್ಲಿ ಜೀವ ತೆಗೆದಿದೆ. ಮಳೆಗಾಲದಲ್ಲಿ ತೋಡಿನ ಮಾತೇ ಇಲ್ಲ. ಇಲ್ಲಿ ಬಿಸಿಲಿದ್ದರೂ ಮೇಲಿನ ಗುಡ್ಡೆಯಲ್ಲಿ ಹೊಯ್ದ ಮಳೆ ಹಠಾತ್ತನೆ ಬರುತ್ತದೆ.

ಇನ್ನು ಕೋರೆ. ಕಲ್ಲನ್ನು ಮೆಟ್ಟಿಲು ಮೆಟ್ಟಿಲಾಗಿ ಕೊಯ್ದಿರುತ್ತಾರೆ, ಬದಿ ನೆಟ್ಟಗೆ. ಜೂನ್‌ನಲ್ಲಿ ಕೆಂಪುನೀರು ತುಂಬಿದಾಗ ತಳ ಕಾಣುವುದಿಲ್ಲ. ಮೊಣಕಾಲಷ್ಟೇ ನೀರೆಂದು ನಿಂತ ಮಗು ಮುಂದಿನ ಹೆಜ್ಜೆಗೆ ಮುಳುಗುತ್ತದೆ, ಹತ್ತಿ ಬರಲು ಓರೆ ಜಾಗವಿಲ್ಲ. ಅಂಚಿನಿಂದ ಎರಡು ಮೀಟರ್ ಬಿಟ್ಟು 1.2 ಮೀಟರ್ ಎತ್ತರದ ಕಲ್ಲುಕಂಬ, ಮೂರು ಮೀಟರಿಗೊಂದು, ನಡುವೆ ತಂತಿ ಮತ್ತು ಮೊದಲ ಮಳೆಗೆ ಊರಿದ ಗೊಬ್ಬರದ ಗಿಡದ (ಗ್ಲಿರಿಸಿಡಿಯಾ) ಗೂಟ. ಒಂದು ಮೂಲೆಗೆ ಕಲ್ಲುಚೂರು ತುಂಬಿ ಹತ್ತಲು ಓರೆ ಮಾಡಬೇಕು. ಒಬ್ಬರ ಕೈಲಾಗುವ ಕೆಲಸವಲ್ಲ. ಕೇರಳದಲ್ಲಿ ಗ್ರಾಮಸಭೆ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು ಕಾನೂನಿದೆ. ಸರ್ವೆ ನಂಬರು, ಅಳೆದ ಆಳ, ಚಿತ್ರ ಸೇರಿಸಿ ಅರ್ಜಿ ಕೊಟ್ಟು ನಡಾವಳಿಯಲ್ಲಿ ಬರೆಸಿ. ಮೇ ಒಳಗಿನ ಸಭೆಯಲ್ಲೇ ಕೊಡಬೇಕು. ಜೂನ್‌ಗೆ ಹೊಂಡ ತುಂಬಿದರೆ ಕಂಬ ಹುಗಿಯಲಾಗುವುದಿಲ್ಲ, ಓರೆಯನ್ನೂ ಕಟ್ಟಲಾಗುವುದಿಲ್ಲ.