ಹಳೇ ಕಂಪ್ಯೂಟರಲ್ಲಿ ಪ್ರಿಂಟರ್ ಡ್ರೈವರ್ ಕೂರ್ತಿಲ್ವಾ? ಸೆಟಪ್ ಇನ್ನೊಂದ್ಸಲ ಓಡಿಸೋ ಮುಂಚೆ ಇದನ್ನ ಓದಿ

ಪ್ರಿಂಟರ್ ಹೊಸದು, ಕಂಪ್ಯೂಟರ್ ಹತ್ತು ಹನ್ನೆರಡು ವರ್ಷ ಹಳೇದು, ಡ್ರೈವರ್ (ಪ್ರಿಂಟರ್ ಜೊತೆ ಮಾತಾಡೋಕೆ ವಿಂಡೋಸಿಗೆ ಬೇಕಾದ ಸಾಫ್ಟ್‌ವೇರ್) ಸೆಟಪ್ ಮುಕ್ಕಾಲು ಭಾಗ ಹೋಗಿ ಅಲ್ಲೇ ನಿಂತ್ಬಿಡತ್ತೆ, ಇಲ್ಲಾಂದ್ರೆ ಇನ್‌ಸ್ಟಾಲೇಶನ್ ಫೇಲ್ಡ್ ಅಂತ ಒಂದು ಸಾಲು ತೋರಿಸಿ ಮುಗೀತು. ಆಗ ಎಲ್ರೂ ಮಾಡೋದು ಒಂದೇ ಕೆಲಸ, ಅದೇ ಸೆಟಪ್ಪನ್ನ ಮತ್ತೆ ಓಡಿಸೋದು, ಅದೂ ಆಗ್ಲಿಲ್ಲ ಅಂದ್ರೆ ಇನ್ನೊಂದ್ಸಲ. ಅಪ್ಪನ ಹಳೇ ಲ್ಯಾಪ್‌ಟಾಪಲ್ಲಿ ನಾನೂ ಎರಡು ದಿನ ಹೀಗೇ ಕೂತಿದ್ದೆ. ಕೊನೆಗೆ ಗೊತ್ತಾಗಿದ್ದು ಏನಂದ್ರೆ, ಮೊದಲನೇ ಸಲ ಫೇಲ್ ಆದಾಗ ಅರ್ಧಂಬರ್ಧ ಕೂತಿದ್ದ ಡ್ರೈವರ್ ವಿಂಡೋಸ್ ಒಳಗೇ ಉಳ್ಕೊಂಡಿತ್ತು, ಪ್ರತಿ ಸಲ ಸೆಟಪ್ ಶುರುವಾದಾಗ್ಲೂ ವಿಂಡೋಸ್ ಆ ಹಳೇದನ್ನೇ ಎತ್ಕೊಂಡು ಅಲ್ಲೇ ಎಡವ್ತಿತ್ತು. ಅದನ್ನ ಪೂರ್ತಿ ಕಿತ್ತು ತೆಗೆದ ಮೇಲೆ ಅದೇ ಫೈಲ್ ಹತ್ತು ನಿಮಿಷಕ್ಕೆ ಇನ್‌ಸ್ಟಾಲ್ ಆಯ್ತು. ಅದಕ್ಕೇ ಹೇಳ್ತಿರೋದು, ಮೊದಲು ಕ್ಲೀನ್ ಮಾಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.

ಅದಕ್ಕೂ ಮುಂಚೆ ಪ್ರಿಂಟರ್ ಸರಿ ಇದ್ಯಾ ಅಂತ ಒಂದ್ಸಲ ನೋಡ್ಕೊಳಿ. ಕೇಬಲ್ ತೆಗೆದು ಪ್ರಿಂಟರಿಂದಲೇ ಸೆಲ್ಫ್ ಟೆಸ್ಟ್ ಪೇಜ್ ತೆಗೀರಿ, ಹೆಚ್ಚಿನ ಪ್ರಿಂಟರಲ್ಲಿ ಯಾವ್ದಾದ್ರೂ ಒಂದು ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದ್ರೆ ಬರತ್ತೆ, ಯಾವ ಬಟನ್ ಅಂತ ಮ್ಯಾನ್ಯುಯಲ್ಲಲ್ಲಿ ಇರತ್ತೆ. ಪೇಜ್ ನೀಟಾಗಿ ಬಂತು ಅಂದ್ರೆ ಪ್ರಿಂಟರ್ ಬಗ್ಗೆ ಯೋಚ್ನೆ ಬಿಟ್ಬಿಡಿ.

ಈಗ ಕಂಪ್ಯೂಟರಿಗೆ ಬನ್ನಿ. ಮೊದಲನೇ ಪ್ರಶ್ನೆ, ವಿಂಡೋಸ್ 32 ಬಿಟ್ಟಾ 64 ಬಿಟ್ಟಾ? ವಿಂಡೋಸ್ ಕೀ ಹಿಡ್ಕೊಂಡು ಪಾಸ್ (Pause) ಕೀ ಒತ್ತಿದ್ರೆ ಸಿಸ್ಟಮ್ ಮಾಹಿತಿ ತೆರ್ಕೊಳತ್ತೆ, ಅಲ್ಲಿ ಸಿಸ್ಟಮ್ ಟೈಪ್ ಅನ್ನೋ ಸಾಲು ನೋಡಿ. 64 ಬಿಟ್ ವಿಂಡೋಸಿಗೆ 64 ಬಿಟ್ ಡ್ರೈವರೇ ಆಗ್ಬೇಕು, 32ಕ್ಕೆ 32ರದ್ದೇ. ಬೇರೆ ಸಾಫ್ಟ್‌ವೇರ್ ಥರ 32 ಬಿಟ್ಟಿಂದು 64ರಲ್ಲೂ ನಡ್ಯತ್ತೆ ಅನ್ನೋ ಲೆಕ್ಕ ಡ್ರೈವರಿಗೆ ನಡ್ಯಲ್ಲ. ಹಳೇ ಕಂಪ್ಯೂಟರಲ್ಲಿ ಇದು ಯಾಕೆ ಮುಖ್ಯ ಅಂದ್ರೆ, ಪ್ರಾಸೆಸರ್ 64 ಬಿಟ್ ಇದ್ರೂ ರ‍್ಯಾಮ್ ಕಮ್ಮಿ ಅಂತ 32 ಬಿಟ್ ವಿಂಡೋಸ್ ಹಾಕಿರ್ತಾರೆ, ನಮಗೆ ಅದು ನೆನಪೇ ಇರಲ್ಲ. ವಿಂಡೋಸ್ 7 ಆದ್ರೆ ಅದೇ ಪೇಜಲ್ಲಿ ಸರ್ವಿಸ್ ಪ್ಯಾಕ್ 1 (ಅಪ್‌ಡೇಟ್‌ಗಳ ಒಂದು ದೊಡ್ಡ ಕಂತೆ) ಅಂತ ಬರ್ದಿದ್ಯಾ ಅನ್ನೋದನ್ನೂ ನೋಡಿ. ಯಾವ ವಿಂಡೋಸ್, ಎಷ್ಟು ಬಿಟ್ ಅನ್ನೋದೆಲ್ಲ ಒಂದು ಚೀಟೀಲಿ ಬರ್ಕೊಳಿ, ಮುಂದೆ ಬೇಕಾಗತ್ತೆ.

ಎರಡನೇದು ತಾರೀಖು. ಇದನ್ನ ಯಾರೂ ನೋಡೋದೇ ಇಲ್ಲ. ಹಳೇ ಕಂಪ್ಯೂಟರಿನ ಮದರ್‌ಬೋರ್ಡಲ್ಲಿ ಸಾಮಾನ್ಯವಾಗಿ ಸಿಆರ್2032 ಅನ್ನೋ ನಾಣ್ಯದ ಥರದ್ದೊಂದು ಬ್ಯಾಟರಿ ಇರತ್ತೆ, ಅದು ಸತ್ತಿದ್ರೆ ಪವರ್ ತೆಗೆದು ಹಾಕ್ದಾಗೆಲ್ಲ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗತ್ತೆ. ತಾರೀಖು ತಪ್ಪಿದ್ರೆ ಕಂಪನಿ ಸೈಟ್ ತೆರ್ಯಲ್ಲ, ಸರ್ಟಿಫಿಕೇಟ್ ಎರರ್ ಬರತ್ತೆ, ಡ್ರೈವರ್ ಜೊತೆ ಇರೋ ಡಿಜಿಟಲ್ ಸಹಿ (ಇದು ಅಸಲಿ ಅಂತ ತೋರಿಸೋ ಗುರುತು) ಪರೀಕ್ಷೇಲೂ ತೊಂದ್ರೆ ಆಗ್ಬಹುದು. ಮೂಲೇಲಿರೋ ಗಡಿಯಾರ ಸರಿ ಮಾಡೋಕೆ ಒಂದು ನಿಮಿಷ ಸಾಕು.

ಡೌನ್‌ಲೋಡ್ ವಿಷ್ಯ. ಪ್ರಿಂಟರ್ ಕಂಪನಿಯ ಸ್ವಂತ ಸಪೋರ್ಟ್ ಪೇಜಿಂದ ಮಾತ್ರ ತಗೊಳಿ. ಸರ್ಚ್ ಮಾಡಿದ್ರೆ ಮೇಲ್ಮೇಲೆ ಬರೋ ಫ್ರೀ ಡ್ರೈವರ್ ಅಪ್‌ಡೇಟರ್‌ಗಳನ್ನ ದಯವಿಟ್ಟು ಮುಟ್ಬೇಡಿ, ಅವುಗಳಲ್ಲಿ ಎಷ್ಟೋ ಡ್ರೈವರ್ ಕೊಡೋ ಬದ್ಲು ಬೇಡದ ಸಾಫ್ಟ್‌ವೇರ್ ತಂದು ತುಂಬ್ತವೆ, ಮೊದ್ಲೇ ನಿಧಾನ ಇರೋ ಕಂಪ್ಯೂಟರ್ ಏಳೋದೇ ಕಷ್ಟ ಆಗತ್ತೆ. ಕಂಪನಿ ಸೈಟೇ ಆ ಕಂಪ್ಯೂಟರಲ್ಲಿ ತೆರೀತಿಲ್ಲ ಅಂದ್ರೆ ಬ್ರೌಸರ್ ಹಳೇದಾಗಿರತ್ತೆ, ಈಗಿನ ಸೈಟ್‌ಗಳು ಕಮ್ಮಿ ಅಂದ್ರೂ ಟಿಎಲ್‌ಎಸ್ 1.2 (ಬ್ರೌಸರಿಗೂ ಸೈಟಿಗೂ ನಡುವಿನ ಸುರಕ್ಷಿತ ಸಂಪರ್ಕದ ಪದ್ಧತಿ) ಕೇಳ್ತವೆ. ಅದಕ್ಕೆ ತಲೆ ಕೆಡಿಸ್ಕೊಳೋ ಬದ್ಲು ಬೇರೆ ಕಂಪ್ಯೂಟರಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವಲ್ಲಿ ತನ್ನಿ. ಆದ್ರೆ ಅಲ್ಲೊಂದು ಎಚ್ಚರಿಕೆ ಬೇಕು, ಸೈಟು ನೀವು ಕೂತಿರೋ ಕಂಪ್ಯೂಟರಿನ ವಿಂಡೋಸ್ ನೋಡಿ ಅದಕ್ಕೆ ತಕ್ಕ ಡ್ರೈವರ್ ತೋರಿಸ್ತಿರತ್ತೆ, ಹಾಗಾಗಿ ಆಪರೇಟಿಂಗ್ ಸಿಸ್ಟಮ್ ಬದಲಾಯಿಸೋ ಲಿಂಕ್ ಒತ್ತಿ, ಚೀಟೀಲಿ ಬರ್ಕೊಂಡಿರೋದನ್ನೇ ಆರಿಸ್ಬೇಕು.

ಅಲ್ಲಿ ಎರಡು ಥರ ಫೈಲ್ ಇರತ್ತೆ, ಫುಲ್ ಸಾಫ್ಟ್‌ವೇರ್ ಪ್ಯಾಕೇಜ್ ಅಂತ ಒಂದು, ಬೇಸಿಕ್ ಡ್ರೈವರ್ ಇಲ್ಲಾ ಪ್ರಿಂಟ್ ಡ್ರೈವರ್ ಓನ್ಲಿ ಅಂತ ಇನ್ನೊಂದು. ಹಳೇ ಕಂಪ್ಯೂಟರಿಗೆ ಯಾವಾಗ್ಲೂ ಚಿಕ್ಕದೇ ಸಾಕು. ದೊಡ್ಡದ್ರಲ್ಲಿ ಸ್ಕ್ಯಾನ್ ಆ್ಯಪ್, ಫೋಟೋ ಆ್ಯಪ್, ಇಂಕ್ ಎಷ್ಟಿದೆ ಅಂತ ಹೇಳೋ ಪ್ರೋಗ್ರಾಮ್ ಎಲ್ಲ ಸೇರಿ ನೂರಾರು ಎಂಬಿ ಇರತ್ತೆ, ಕೆಲವಕ್ಕೆ ಡಾಟ್‌ನೆಟ್ ಅನ್ನೋ ಮೈಕ್ರೋಸಾಫ್ಟಿನ ಪೂರಕ ಸಾಫ್ಟ್‌ವೇರ್ ಬೇರೆ ಬೇಕು, ಅದಿಲ್ಲ ಅಂತಲೇ ಅರ್ಧಕ್ಕೆ ನಿಲ್ಲತ್ತೆ. ಪೇಪರ್ ಮೇಲೆ ಅಕ್ಷರ ಬರೋಕೆ ಇದ್ಯಾವ್ದೂ ಬೇಡ. ಸಿ ಡ್ರೈವಲ್ಲಿ ಜಾಗ ಇದ್ಯಾ ಅಂತ್ಲೂ ನೋಡಿ, ಸೆಟಪ್ ಮೊದಲು ವಿಂಡೋಸ್ ತಾತ್ಕಾಲಿಕ ಫೈಲ್ ಇಡೋ ಟೆಂಪ್ ಫೋಲ್ಡರಲ್ಲಿ ಬಿಚ್ಕೊಳತ್ತೆ, ಆಮೇಲೆ ಕಾಪಿ ಆಗತ್ತೆ, ಅಂದ್ರೆ ಫೈಲ್ ಸೈಜಿನ ಮೂರು ನಾಲ್ಕು ಪಟ್ಟಾದ್ರೂ ಖಾಲಿ ಇದ್ರೆ ನಿಶ್ಚಿಂತೆ.

ಇನ್ನು ಕ್ಲೀನ್ ಮಾಡೋದು, ಇದನ್ನ ಅವಸರ ಮಾಡದೆ ಮಾಡಿ. ಮೊದಲು ಯುಎಸ್‌ಬಿ ಕೇಬಲ್ ಕಿತ್ತಿಡಿ. ಕಂಟ್ರೋಲ್ ಪ್ಯಾನೆಲ್‌ನ ಪ್ರೋಗ್ರಾಮ್ಸ್ ಪಟ್ಟೀಲಿ ಆ ಪ್ರಿಂಟರ್ ಹೆಸರಿನ ಏನಿದ್ರೂ ಅನ್‌ಇನ್‌ಸ್ಟಾಲ್ ಮಾಡಿ, ಡಿವೈಸಸ್ ಆ್ಯಂಡ್ ಪ್ರಿಂಟರ್ಸಲ್ಲಿ ಅದರ ಐಕಾನ್ ಇದ್ರೆ ಅದನ್ನೂ ರಿಮೂವ್ ಮಾಡಿ. ಇಲ್ಲಿಗೆ ಮುಗೀತು ಅಂತ ಎಲ್ರೂ ನಿಲ್ಲಿಸ್ಬಿಡ್ತಾರೆ, ಆದ್ರೆ ಡ್ರೈವರ್ ಇನ್ನೂ ಒಳಗೇ ಇರತ್ತೆ. ಅದೇ ಡಿವೈಸಸ್ ಆ್ಯಂಡ್ ಪ್ರಿಂಟರ್ಸಲ್ಲಿ ಬೇರೆ ಯಾವ್ದಾದ್ರೂ ಪ್ರಿಂಟರ್ ಮೇಲೆ, ಪಿಡಿಎಫ್ ಅಥವಾ ಎಕ್ಸ್‌ಪಿಎಸ್ ಪ್ರಿಂಟರ್ ಆದ್ರೂ ಸರಿ, ಒಂದು ಕ್ಲಿಕ್ ಮಾಡಿದ್ರೆ ಮೇಲುಗಡೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಅಂತ ಬರತ್ತೆ, ಅದ್ರೊಳಗೆ ಡ್ರೈವರ್ಸ್ ಟ್ಯಾಬ್, ಅಲ್ಲಿ ನಿಮ್ಮ ಪ್ರಿಂಟರಿನ ಹೆಸರು ಕೂತಿರತ್ತೆ ನೋಡಿ. ರಿಮೂವ್ ಒತ್ತಿ, ಡ್ರೈವರ್ ಮಾತ್ರಾನಾ ಅಥವಾ ಡ್ರೈವರ್ ಜೊತೆ ಪ್ಯಾಕೇಜೂನಾ ಅಂತ ಕೇಳತ್ತೆ, ಪ್ಯಾಕೇಜೂ ಅನ್ನೋದನ್ನೇ ಆರಿಸಿ. ಗಂಟು ಇರೋದೇ ಇಲ್ಲಿ.

ಡ್ರೈವರ್ ಬಳಕೇಲಿದೆ, ತೆಗ್ಯೋಕಾಗಲ್ಲ ಅಂತ ಎರರ್ ಬಂದ್ರೆ ಗಾಬರಿ ಬೇಡ, ಪ್ರಿಂಟ್ ಸ್ಪೂಲರ್ (ಪ್ರಿಂಟ್ ಜಾಬ್‌ಗಳನ್ನ ಸಾಲಲ್ಲಿಟ್ಟು ಕಳಿಸೋ ವಿಂಡೋಸ್ ಸರ್ವಿಸ್) ಅದನ್ನ ಹಿಡ್ಕೊಂಡಿದೆ ಅಷ್ಟೆ. ಸ್ಟಾರ್ಟ್ ಸರ್ಚಲ್ಲಿ ಸರ್ವಿಸಸ್ ಅಂತ ಹುಡುಕಿ ತೆರೀರಿ, ಪ್ರಿಂಟ್ ಸ್ಪೂಲರ್ ಸ್ಟಾಪ್ ಮಾಡಿ, ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಸ್ಪೂಲ್, ಪ್ರಿಂಟರ್ಸ್ ಅನ್ನೋ ಫೋಲ್ಡರ್ ತನಕ ಹೋಗಿ ಒಳಗಿರೋ ಫೈಲ್‌ಗಳನ್ನ ಅಳಿಸಿ. ಫೋಲ್ಡರನ್ನ ಅಳಿಸ್ಬೇಡಿ, ಒಳಗಿರೋದು ಮಾತ್ರ, ಅವೆಲ್ಲ ಹಿಂದೆ ಸಿಕ್ಕಾಕ್ಕೊಂಡ ಪ್ರಿಂಟ್ ಜಾಬ್‌ಗಳು. ಸ್ಪೂಲರ್ ಮತ್ತೆ ಸ್ಟಾರ್ಟ್ ಮಾಡಿ ತಕ್ಷಣ ಡ್ರೈವರ್ ರಿಮೂವ್ ಮಾಡಿ, ಹೆಚ್ಚಿನ ಸಲ ಈಗ ಹೋಗತ್ತೆ. ಆಮೇಲೆ ಒಂದು ರೀಸ್ಟಾರ್ಟ್.

ಈಗ ಸೆಟಪ್ ಓಡಿಸಿ, ರೈಟ್ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್ ಅಂತ. ಕೇಬಲ್ ಹಾಕಿ ಅಂತ ಅದು ಕೇಳೋ ತನಕ ಕೇಬಲ್ ಹಾಕ್ಬೇಡಿ. ಮೊದ್ಲೇ ಹಾಕಿದ್ರೆ ವಿಂಡೋಸ್ ತನಗೆ ತೋಚಿದ ಡ್ರೈವರ್ ಹುಡುಕಿ ಕೂರಿಸೋಕೆ ಹೋಗತ್ತೆ, ಸೆಟಪ್ಪಿಗೂ ಅದಕ್ಕೂ ಜಟಾಪಟಿ ಆಗತ್ತೆ. ಕೇಬಲ್ಲನ್ನ ಡೆಸ್ಕ್‌ಟಾಪ್ ಆದ್ರೆ ಹಿಂದುಗಡೆ ಪೋರ್ಟಿಗೆ ಹಾಕಿ, ಹಬ್ ಬೇಡ, ಯುಎಸ್‌ಬಿ 2.0 ಕೇಬಲ್ 5 ಮೀಟರಿಗಿಂತ ಉದ್ದ ಇರೋ ಹಾಗಿಲ್ಲ. ವಿಂಡೋಸ್ 7ರಲ್ಲಿ ಯುಎಸ್‌ಬಿ 3.0ಗೆ ಸ್ವಂತ ಡ್ರೈವರ್ ಇಲ್ಲ, ಮದರ್‌ಬೋರ್ಡ್ ಕಂಪನಿದು ಹಾಕಿಲ್ಲ ಅಂದ್ರೆ ನೀಲಿ ಬಣ್ಣದ ಪೋರ್ಟಲ್ಲಿ ಪ್ರಿಂಟರ್ ಕಾಣೋದೇ ಇಲ್ಲ, ಕಪ್ಪು ಪೋರ್ಟಲ್ಲಿ ಹಾಕಿ ನೋಡಿ. ರ‍್ಯಾಮ್ 1-2 ಜಿಬಿ ಇರೋ ಕಂಪ್ಯೂಟರಲ್ಲಿ ಸೆಟಪ್ ನಿಂತ ಹಾಗೆ ಕಂಡ್ರೂ ಒಳಗೆ ನಡೀತಿರತ್ತೆ, ಹಾರ್ಡ್‌ಡಿಸ್ಕ್ ಲೈಟ್ ಮಿನುಗ್ತಿದ್ರೆ ಅರ್ಧ ಗಂಟೆ ಆದ್ರೂ ಬಿಟ್ಬಿಡಿ, ನಡುವೆ ಕ್ಲೋಸ್ ಮಾಡಿದ್ರೆ ಮತ್ತೆ ಅದೇ ಅರ್ಧಂಬರ್ಧ ಕಸ ಉಳ್ಕೊಳತ್ತೆ.

ಆದ್ರೂ ಸೆಟಪ್ ಬೀಳ್ತಿದ್ಯಾ? ಹಾಗಾದ್ರೆ ಸೆಟಪ್ಪನ್ನೇ ಬಿಟ್ಟು ಡ್ರೈವರ್ ಮಾತ್ರ ಕೈಯಾರೆ ಕೊಡೋಣ. ನನ್ನ ಪ್ರಕಾರ ಹಳೇ ಕಂಪ್ಯೂಟರಿಗೆ ಇದೇ ಅತ್ಯಂತ ಒಳ್ಳೇ ದಾರಿ, ಕಲ್ತ್ಕೊಂಡ್ರೆ ಜೀವಮಾನ ಉಪಯೋಗಕ್ಕೆ ಬರತ್ತೆ. ಎಷ್ಟೋ ಸಲ ಸೆಟಪ್ ಫೈಲ್ ಅನ್ನೋದು ಒಂದು ಗಂಟು ಅಷ್ಟೆ, 7-ಜಿಪ್ ಅನ್ನೋ ಫೈಲ್ ಬಿಚ್ಚೋ ಪ್ರೋಗ್ರಾಮಿಂದ ಅದನ್ನ ಒಂದು ಫೋಲ್ಡರಿಗೆ ಬಿಚ್ಚಿ. ಬಿಚ್ಚೋಕಾಗ್ಲಿಲ್ಲ ಅಂದ್ರೆ ಸೆಟಪ್ ಓಡಿಸಿ ಮೊದಲನೇ ಸ್ಕ್ರೀನ್ ಬಂದಾಗ ಹಾಗೇ ಬಿಟ್ಟು ಟೆಂಪ್ ಫೋಲ್ಡರಲ್ಲಿ ನೋಡಿ, ಅಲ್ಲಿ ಬಿಚ್ಕೊಂಡಿರತ್ತೆ, ಕಾಪಿ ಮಾಡ್ಕೊಳಿ. ಆ ಫೋಲ್ಡರಲ್ಲಿ ಐಎನ್‌ಎಫ್ ಅನ್ನೋ ಎಕ್ಸ್‌ಟೆನ್ಷನ್ ಇರೋ ಫೈಲ್ ಹುಡುಕಿ, ಯಾವ ಮಾಡೆಲಿಗೆ ಯಾವ ಫೈಲ್ ಬೇಕು ಅಂತ ವಿಂಡೋಸಿಗೆ ಹೇಳೋದು ಅದೇ, ನೋಟ್‌ಪ್ಯಾಡಲ್ಲಿ ತೆರೆದ್ರೆ ನಿಮ್ಮ ಮಾಡೆಲ್ ಹೆಸರು ಕಾಣ್ಬೇಕು.

ಪ್ರಿಂಟರ್ ಆನ್ ಮಾಡಿ ಕೇಬಲ್ ಹಾಕಿ, ಈ ದಾರೀಲಿ ಕೇಬಲ್ ಮೊದ್ಲೇ ಹಾಕ್ಬೇಕು. ಡಿವೈಸ್ ಮ್ಯಾನೇಜರಲ್ಲಿ ಯುಎಸ್‌ಬಿ ಪ್ರಿಂಟಿಂಗ್ ಸಪೋರ್ಟ್ ಅಂತ ಬಂತಾ ನೋಡಿ, ಬಂದಿಲ್ಲಾಂದ್ರೆ ಕೇಬಲ್ ಅಥವಾ ಪೋರ್ಟ್ ಕಡೆ ತೊಂದ್ರೆ ಇದೆ, ಮೊದಲು ಅದನ್ನ ಸರಿ ಮಾಡಿ. ಬಂದಿದ್ರೆ ಆ್ಯಡ್ ಪ್ರಿಂಟರ್, ಲೋಕಲ್ ಪ್ರಿಂಟರ್ (ವಿಂಡೋಸ್ 10ರಲ್ಲಿ ನನ್ನ ಪ್ರಿಂಟರ್ ಪಟ್ಟೀಲಿಲ್ಲ ಅನ್ನೋದನ್ನ ಒತ್ತಿ ಕೊನೇ ಆಯ್ಕೆ), ಪೋರ್ಟ್ ಕೇಳ್ದಾಗ ಯುಎಸ್‌ಬಿ001 ಆರಿಸಿ, ಮುಂದಿನ ಸ್ಕ್ರೀನಲ್ಲಿ ಹ್ಯಾವ್ ಡಿಸ್ಕ್ ಒತ್ತಿ ಆ ಐಎನ್‌ಎಫ್ ತೋರಿಸಿ. ಎಲ್‌ಪಿಟಿ1 ಅಂತ ಬಿಟ್ಟು ಮುಂದೆ ಹೋಗ್ಬೇಡಿ, ಅದು ಹಳೇ ಪ್ಯಾರಲಲ್ ಪೋರ್ಟು, ಡ್ರೈವರ್ ಸರಿಯಾಗೇ ಕೂತ್ರೂ ಪ್ರಿಂಟ್ ಹೋಗೋ ಜಾಗ ಬೇರೆ ಆಗತ್ತೆ.

ವಿಂಡೋಸ್ 7ರವ್ರಿಗೆ ಒಂದು ಮಾತು. ಡ್ರೈವರಿನ ಡಿಜಿಟಲ್ ಸಹಿ ಪರೀಕ್ಷಿಸೋಕೆ ಆಗ್ತಿಲ್ಲ, ಕೋಡ್ 52 ಅಂತ ಬಂದ್ರೆ ಡ್ರೈವರ್ ಕೆಟ್ಟಿದೆ ಅಂತಲೇ ಅರ್ಥ ಅಲ್ಲ. ಈಗಿನ ಡ್ರೈವರ್‌ಗಳಿಗೆ ಎಸ್‌ಎಚ್‌ಎ-2 ಅನ್ನೋ ಪದ್ಧತೀಲಿ ಸಹಿ ಹಾಕ್ತಾರೆ, ಅಪ್‌ಡೇಟ್ ಆಗದ ವಿಂಡೋಸ್ 7ಕ್ಕೆ ಆ ಸಹಿ ಓದೋಕೆ ಬರಲ್ಲ. ಸರ್ವಿಸ್ ಪ್ಯಾಕ್ 1 ಇರ್ಬೇಕು, ಅದ್ರ ಮೇಲೆ 2019ರಲ್ಲಿ ಬಂದ ಎರಡು ಅಪ್‌ಡೇಟ್, ಮೊದಲು ಕೆಬಿ4490628, ಆಮೇಲೆ ಕೆಬಿ4474419, ಇದೇ ಕ್ರಮದಲ್ಲಿ ಹಾಕಿ ರೀಸ್ಟಾರ್ಟ್ ಮಾಡಿ. ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗಲ್ಲಿ ಈ ನಂಬರ್ ಹಾಕಿ ಹುಡುಕ್ಬಹುದು, ಅಲ್ಲೂ 32, 64 ನೋಡಿ ಆರಿಸ್ಬೇಕು. ಬೂಟ್ ಆಗೋವಾಗ ಎಫ್8 ಒತ್ತಿ ಸಹಿ ಪರೀಕ್ಷೆ ಆಫ್ ಮಾಡೋ ದಾರಿ ಕೆಲವ್ರು ಹೇಳ್ತಾರೆ, ಅದು ಆ ಒಂದು ಬೂಟಿಗೆ ಮಾತ್ರ, ಮೇಲಾಗಿ ಅದು ಕಾವಲನ್ನೇ ತೆಗೆದ ಹಾಗೆ. ವಿಂಡೋಸ್ 7ಕ್ಕೆ ಸಾಮಾನ್ಯ ಸಪೋರ್ಟ್ 2020ರ ಜನವರಿ 14ಕ್ಕೇ ನಿಂತಿದೆ, ಇರೋ ರಕ್ಷಣೇನೂ ಕಮ್ಮಿ ಮಾಡ್ಕೊಬೇಡಿ.

ಪ್ರಿಂಟರ್ ಬೇರೆ ಕಂಪ್ಯೂಟರಿಗೆ ಸೇರಿದ್ದು, ಶೇರ್ ಮಾಡಿ ಬಳಸ್ತೀರಿ ಅಂದ್ರೆ ಅಲ್ಲಿ ತೊಡಕು ಬೇರೆ. 2021ರಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನೋ ದೊಡ್ಡ ಲೋಪ ಸ್ಪೂಲರಲ್ಲಿ ಸಿಕ್ತು, ಆಮೇಲೆ ಬಂದ ಅಪ್‌ಡೇಟ್‌ಗಳಿಂದ ಶೇರ್ಡ್ ಪ್ರಿಂಟರಿನ ಡ್ರೈವರ್ ಹಾಕೋಕೆ ಅಡ್ಮಿನ್ ಹಕ್ಕು ಬೇಕೇ ಬೇಕು, 11ಬಿ ಅಂತ ಕೊನೆಯಾಗೋ ಎರರ್ ನಂಬರೂ ಆ ವರ್ಷದ ಅಪ್‌ಡೇಟ್‌ಗಳ ನಂತ್ರವೇ ಶುರುವಾಗಿದ್ದು. ಹೀಗೆ ಮಾಡಿ, ಹಳೇ ಕಂಪ್ಯೂಟರಲ್ಲಿ ಆ್ಯಡ್ ಪ್ರಿಂಟರ್‌ಗೆ ಹೋಗಿ ಲೋಕಲ್ ಪ್ರಿಂಟರ್ ಅಂತಲೇ ಆರಿಸಿ, ಹೊಸ ಪೋರ್ಟ್ ಮಾಡೋ ಕಡೆ ಲೋಕಲ್ ಪೋರ್ಟ್ ತಗೊಂಡು, ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ ಆ ಕಂಪ್ಯೂಟರಿನ ಹೆಸರು, ಮತ್ತೊಂದು ಬ್ಯಾಕ್‌ಸ್ಲ್ಯಾಷ್, ಪ್ರಿಂಟರಿನ ಶೇರ್ ಹೆಸರು ಟೈಪ್ ಮಾಡಿ, ಡ್ರೈವರ್ ನಿಮ್ಮ ಫೋಲ್ಡರಿಂದಲೇ ಕೊಡಿ. ಹೀಗೆ ಮಾಡಿದ್ರೆ ಆ ಕಡೇದು 64 ಬಿಟ್, ಈ ಕಡೇದು 32 ಬಿಟ್ ಇದ್ರೂ ತೊಂದ್ರೆ ಇಲ್ಲ.

ಕಂಪನಿ ಸೈಟಲ್ಲಿ ನಿಮ್ಮ ವಿಂಡೋಸಿಗೆ ಡ್ರೈವರೇ ಇಲ್ಲ ಅಂದ್ರೂ ಇನ್ನೊಂದು ಬಾಗಿಲಿದೆ. ಪ್ರಿಂಟರಿನ ಸ್ಪೆಸಿಫಿಕೇಶನ್ನಲ್ಲಿ ಪ್ರಿಂಟರ್ ಲ್ಯಾಂಗ್ವೇಜ್ ಅಂತ ಹುಡುಕಿ, ಕಂಪ್ಯೂಟರ್ ಕಳಿಸೋ ಪೇಜನ್ನ ಪ್ರಿಂಟರ್ ಅರ್ಥ ಮಾಡ್ಕೊಳೋ ಭಾಷೆ ಅದು. ಪಿಸಿಎಲ್ 5, ಪಿಸಿಎಲ್ 6 ಅಥವಾ ಪೋಸ್ಟ್‌ಸ್ಕ್ರಿಪ್ಟ್ ಅಂತ ಇದ್ರೆ ಅದೇ ಕಂಪನಿಯ ಯೂನಿವರ್ಸಲ್ ಡ್ರೈವರೋ, ಅದೇ ಭಾಷೆಯ ಹಳೇ ಮಾಡೆಲಿನ ಡ್ರೈವರೋ ಹಾಕಿದ್ರೆ ಹೆಚ್ಚಿನ ಸಲ ಪ್ರಿಂಟ್ ಬರತ್ತೆ. ಪೇಜ್ ತಯಾರಿಸೋ ಕೆಲಸಾನ ಕಂಪ್ಯೂಟರಿಗೇ ಬಿಡೋ ಹೋಸ್ಟ್ ಬೇಸ್ಡ್ ಪ್ರಿಂಟರ್‌ಗಳಿಗೆ ಮಾತ್ರ ಇದು ಆಗಲ್ಲ. ಎಚ್‌ಪಿ ಲೇಸರ್‌ಜೆಟ್ 1020 ತಗೊಳಿ, ಅದನ್ನ ಆನ್ ಮಾಡಿದಾಗೆಲ್ಲ ಫರ್ಮ್‌ವೇರನ್ನ (ಪ್ರಿಂಟರ್ ಒಳಗೆ ಓಡೋ ಸಾಫ್ಟ್‌ವೇರ್) ಕಂಪ್ಯೂಟರೇ ಕಳಿಸ್ಬೇಕು, ಕ್ಯಾನನ್ ಎಲ್‌ಬಿಪಿ2900 ಸಿಎಪಿಟಿ ಅನ್ನೋ ತನ್ನದೇ ಭಾಷೆ ಆಡತ್ತೆ. ಇಂಥವಕ್ಕೆ ಅದರದೇ ಡ್ರೈವರ್ ಬಿಟ್ರೆ ಬೇರೆ ಹೊಂದಲ್ಲ, ಸುಮ್ನೆ ಟೈಮ್ ಹಾಳು.

ವಿಂಡೋಸಲ್ಲಿ ಯಾವ್ದೂ ಆಗ್ಲಿಲ್ಲ ಅಂದ್ರೆ ಕಂಪ್ಯೂಟರ್ ಎಸೆಯೋ ಮುಂಚೆ ಪೆನ್‌ಡ್ರೈವಿಂದ ಲಿನಕ್ಸ್ (ವಿಂಡೋಸ್ ಬದ್ಲಿನ ಉಚಿತ ಆಪರೇಟಿಂಗ್ ಸಿಸ್ಟಮ್) ಓಡಿಸಿ ನೋಡಿ, ಇನ್‌ಸ್ಟಾಲ್ ಮಾಡ್ದೇನೂ ಪರೀಕ್ಷೆ ಮಾಡ್ಬಹುದು. ಅಲ್ಲಿ ಪ್ರಿಂಟಿಂಗ್ ನೋಡ್ಕೊಳೋದು ಕಪ್ಸ್ ಅನ್ನೋ ಪ್ರೋಗ್ರಾಮ್, ಏರ್‌ಪ್ರಿಂಟ್ (ಡ್ರೈವರ್ ಇಲ್ದೆ ಪ್ರಿಂಟ್ ಮಾಡೋ ಆ್ಯಪಲ್ ಪದ್ಧತಿ) ಇರೋ ನೆಟ್‌ವರ್ಕ್ ಪ್ರಿಂಟರನ್ನ ಅದು ಕಂಪನಿ ಡ್ರೈವರ್ ಇಲ್ದೇನೇ ಹಿಡ್ಕೊಳತ್ತೆ. ಪ್ರಾಸೆಸರ್ 64 ಬಿಟ್ ಇದ್ರೆ 64 ಬಿಟ್ಟಿಂದೇ ತಗೊಳಿ, 32 ಬಿಟ್ಟಿಗೆ ಆಯ್ಕೆ ಕಮ್ಮಿ ಆಗ್ತಾ ಇದೆ, ಡೆಬಿಯನ್ ಅನ್ನೋ ಲಿನಕ್ಸಿನ 12ನೇ ಆವೃತ್ತಿ ತನಕ 32 ಬಿಟ್ ಇನ್‌ಸ್ಟಾಲರ್ ಇತ್ತು, 2025ರಲ್ಲಿ ಬಂದ 13ರಲ್ಲಿ ಇಲ್ಲ.

ಡ್ರೈವರ್ ಕೂತ್ಮೇಲೆ ಟೆಸ್ಟ್ ಪೇಜ್ ಬಂತು ಅಂತ ಅಲ್ಲಿಗೇ ಬಿಡ್ಬೇಡಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿ, ಇನ್ನೊಂದು ಪೇಜ್ ತೆಗೀರಿ. ಆ ಬಿಚ್ಚಿದ ಐಎನ್‌ಎಫ್ ಫೋಲ್ಡರನ್ನ ಪೂರ್ತಿ ಪೆನ್‌ಡ್ರೈವಿಗೆ ಹಾಕಿಡಿ, ಹಳೇ ವಿಂಡೋಸಿನ ಡ್ರೈವರ್‌ಗಳು ಕಂಪನಿ ಸೈಟಿಂದ ಯಾವಾಗ ಮಾಯ ಆಗ್ತವೋ ಹೇಳೋಕಾಗಲ್ಲ. ಕೇಬಲ್ ಯಾವ ಪೋರ್ಟಲ್ಲಿದೆ ಅಂತ ಒಂದು ಗುರುತು ಮಾಡಿ, ಮುಂದೆ ಯಾರಾದ್ರೂ ಕಿತ್ತು ಬೇರೆ ಪೋರ್ಟಿಗೆ ಹಾಕಿದ್ರೆ ವಿಂಡೋಸ್ ಅದೇ ಪ್ರಿಂಟರನ್ನ ಕಾಪಿ 1 ಅಂತ ಇನ್ನೊಂದ್ಸಲ ಸೇರಿಸ್ಬಹುದು, ಹಳೇ ಐಕಾನ್ ಆಫ್‌ಲೈನ್ ಅಂತ ಕೂತಿರತ್ತೆ. ಹಾಗಾದ್ರೆ ಡ್ರೈವರ್ ಮತ್ತೆ ಹಾಕೋದೇನೂ ಬೇಡ, ಕೇಬಲ್ಲನ್ನ ಗುರುತಿರೋ ಪೋರ್ಟಿಗೆ ವಾಪಸ್ ಹಾಕಿದ್ರೆ ಸಾಕು.