ಸೋರ್ಸ್‌ನಿಂದ ಲಿನಕ್ಸ್: ಬಿಲ್ಡ್ ಸ್ಕ್ರಿಪ್ಟ್ ಹಳಸದಂತೆ ನೋಡಿಕೊಳ್ಳುವುದು ಹೇಗೆ?

ಸೋರ್ಸ್ ಕೋಡ್‌ನಿಂದ ಇಡೀ ಲಿನಕ್ಸ್ ಕಟ್ಟುವುದನ್ನು ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಕೈಪಿಡಿ 1999ರಿಂದ ಕಲಿಸುತ್ತಾ ಬಂದಿದೆ. ಅದರ ಕಮಾಂಡ್‌ಗಳನ್ನು ಒಮ್ಮೆ ಕೈಯಾರೆ ಟೈಪ್ ಮಾಡಿದವರು ಎರಡನೇ ಸಲಕ್ಕೆ ಅವನ್ನೆಲ್ಲ ತಾನಾಗಿ ಓಡಿಸುವ ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಬರೆಯುವುದು ಕಷ್ಟವೇನಲ್ಲ. ತಲೆನೋವು ಶುರುವಾಗುವುದು ಆಮೇಲೆ. ಕೈಪಿಡಿಯ ಹೊಸ ಆವೃತ್ತಿ ಸಾಮಾನ್ಯವಾಗಿ ಆರು ತಿಂಗಳಿಗೊಮ್ಮೆ ಬರುತ್ತದೆ. ಹತ್ತಾರು ಪ್ಯಾಕೇಜ್‌ಗಳ (ಲಿನಕ್ಸ್‌ನ ಬಿಡಿ ಪ್ರೋಗ್ರಾಂಗಳ) ವರ್ಷನ್ ಬದಲಾಗಿರುತ್ತದೆ. ಹೋದ ಸಲ ಸಲೀಸಾಗಿ ಓಡಿದ ಸ್ಕ್ರಿಪ್ಟ್ ಅರ್ಧದಲ್ಲೇ ನಿಲ್ಲುತ್ತದೆ.

ಮೊದಲು ವರ್ಷನ್‌ಗಳನ್ನು ಬೇರೆ ಮಾಡಿ

ಸ್ಕ್ರಿಪ್ಟ್‌ನೊಳಗೆ ಎಲ್ಲೂ ವರ್ಷನ್ ನಂಬರ್ ಬರೆಯಬೇಡಿ. ಪ್ಯಾಕೇಜ್ ಹೆಸರು, ವರ್ಷನ್, ಡೌನ್‌ಲೋಡ್ ವಿಳಾಸ, ಚೆಕ್‌ಸಮ್ (ಫೈಲ್ ಬದಲಾಗಿಲ್ಲವೆಂದು ತಾಳೆ ನೋಡುವ ಸಂಖ್ಯೆ), ಬೇಕಾದ ಪ್ಯಾಚ್ (ಕೋಡ್‌ಗೆ ಹಚ್ಚುವ ತಿದ್ದುಪಡಿ) ಎಲ್ಲವೂ ಒಂದೇ ಪಟ್ಟಿ ಫೈಲ್‌ನಲ್ಲಿರಲಿ, ಪ್ಯಾಕೇಜ್‌ಗೊಂದು ಸಾಲು. ಫೈಲ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿದ್ದರೆ ಏನು ಬದಲಾಯಿತು ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಅಂದಹಾಗೆ, ಚೆಕ್‌ಸಮ್ ಹೊಂದಿತು ಎಂದಾಕ್ಷಣ ಫೈಲ್ ಒಳ್ಳೆಯದೇ ಎಂದಲ್ಲ. 2024ರಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಪ್ಯಾಕೇಜ್‌ನ 5.6.0 ಮತ್ತು 5.6.1ರ ಅಧಿಕೃತ ಟಾರ್‌ಬಾಲ್‌ಗಳಲ್ಲೇ (ಸೋರ್ಸ್ ಕೋಡ್ ಕಟ್ಟುಗಳಲ್ಲೇ) ಕಳ್ಳತನದಿಂದ ಒಳನುಗ್ಗಲು ಬಿಡುವ ಹಿಂಬಾಗಿಲು ಸೇರಿಕೊಂಡಿತ್ತು. ಹೊಸ ವರ್ಷನ್ ಬಂದ ದಿನವೇ ಓಡುವ ಆತುರ ಬೇಡ.

ತಪ್ಪಾದರೆ ಅಲ್ಲೇ ನಿಲ್ಲಬೇಕು

ಸ್ಕ್ರಿಪ್ಟ್ ಓಡಿಸುವ ಬ್ಯಾಷ್‌ನ ಎರ್‌ಎಕ್ಸಿಟ್ (ಕಮಾಂಡ್ ಸೋತರೆ ನಿಲ್ಲು), ನೌನ್‌ಸೆಟ್ (ಬೆಲೆಯನ್ನೇ ಕೊಡದ ವೇರಿಯೆಬಲ್ ಬಳಸಿದರೆ ನಿಲ್ಲು), ಪೈಪ್‌ಫೇಲ್ (ಪೈಪ್‌ನಲ್ಲಿ ಯಾವ ಕಮಾಂಡ್ ಸೋತರೂ ಸೋಲೆಂದು ಎಣಿಸು) ಎಂಬ ಆಯ್ಕೆ ಮೂರನ್ನೂ ಸ್ಕ್ರಿಪ್ಟ್‌ನ ತಲೆಯಲ್ಲೇ ಹಾಕಿ. ಜನ ಮರೆಯುವುದು ಮೂರನೆಯದನ್ನು. ಲಾಗ್ ಉಳಿಸಲು, ಪ್ಯಾಕೇಜ್ ಕಟ್ಟುವ ‘ಮೇಕ್’ ಕಮಾಂಡ್‌ನ ಔಟ್‌ಪುಟ್ಟನ್ನು ಪೈಪ್ ಮೂಲಕ, ಅದನ್ನು ಫೈಲ್‌ಗೂ ಬರೆಯುವ ‘ಟೀ’ಗೆ ಕಳಿಸುತ್ತೇವೆ ಅಲ್ವಾ? ಪೈಪ್‌ಫೇಲ್ ಇಲ್ಲದಿದ್ದರೆ ಬ್ಯಾಷ್ ನೋಡುವುದು ಕೊನೆಯ ಕಮಾಂಡ್‌ನ ಫಲಿತಾಂಶ ಮಾತ್ರ. ‘ಮೇಕ್’ ಸೋತರೂ ‘ಟೀ’ ಗೆದ್ದಿರುತ್ತದೆ. ಸ್ಕ್ರಿಪ್ಟ್ ಖುಷಿಯಾಗಿ ಮುಂದಕ್ಕೆ ಹೋಗುತ್ತದೆ, ಎರಡು ಗಂಟೆ ಬಿಟ್ಟು ಸಂಬಂಧವೇ ಇಲ್ಲದ ಪ್ಯಾಕೇಜ್‌ನಲ್ಲಿ ಮುರಿದು ಬೀಳುತ್ತದೆ. ಇನ್ನೊಂದು ಬಲೆ: ಬಿಲ್ಡ್ ಫಂಕ್ಷನ್ನನ್ನು ‘ಇಫ್’ ಷರತ್ತಿನಲ್ಲಿ ಕರೆದರೆ ಅದರೊಳಗೆ ಎರ್‌ಎಕ್ಸಿಟ್ ಕೆಲಸ ಮಾಡುವುದಿಲ್ಲ.

ಹೊಸ ಸಿಸ್ಟಮ್ ಎಲ್ಲಿದೆ ಎಂದು ಹೇಳುವ ‘ಎಲ್‌ಎಫ್‌ಎಸ್’ ವೇರಿಯೆಬಲ್ ಖಾಲಿಯಿದ್ದರೂ ನೌನ್‌ಸೆಟ್ ತಕರಾರು ಮಾಡುವುದಿಲ್ಲ. ಆಗ ಹೊಸ ಸಿಸ್ಟಮ್‌ನ ಫೋಲ್ಡರ್ ಅಳಿಸಲು ಬರೆದ ಸಾಲು ನಿಮ್ಮದೇ ಕಂಪ್ಯೂಟರ್‌ನ ಫೋಲ್ಡರ್ ಅಳಿಸೀತು. ಆದ್ದರಿಂದ ಅದು ಖಾಲಿಯಿಲ್ಲ, ತೋರಿಸುವ ಜಾಗಕ್ಕೆ ಹೊಸ ಸಿಸ್ಟಮ್‌ನ ಡಿಸ್ಕ್ ಜೋಡಿಸಿದೆ (ಮೌಂಟ್ ಆಗಿದೆ) ಎಂಬ ಎರಡನ್ನೂ ಶುರುವಿನಲ್ಲೇ ಪರೀಕ್ಷಿಸಿ. ಸ್ಕ್ರಿಪ್ಟ್ ಹೇಗೇ ಮುಗಿಯಲಿ, ಹೊಸ ಸಿಸ್ಟಮ್‌ಗೆ ಜೋಡಿಸಿದ ಡೆವ್, ಪ್ರಾಕ್, ಸಿಸ್ ಫೋಲ್ಡರ್‌ಗಳನ್ನು ಅನ್‌ಮೌಂಟ್ ಮಾಡುವ ‘ಟ್ರ್ಯಾಪ್’ (ಮುಗಿಯುವಾಗ ತಾನಾಗಿ ಓಡುವ ಕಮಾಂಡ್) ಕೂಡ ಇರಲಿ.

ಬಿಟ್ಟಲ್ಲಿಂದ ಮುಂದುವರಿಯಲು

ಪ್ರತಿ ಪ್ಯಾಕೇಜ್ ಮುಗಿದಾಗ ಒಂದು ಖಾಲಿ ಗುರುತು ಫೈಲ್ ಇಡಿ. ಫೈಲ್ ಇದ್ದರೆ ಆ ಪ್ಯಾಕೇಜ್ ದಾಟಿ ಹೋಗಬಹುದು. ಅದರ ಹೆಸರಿನಲ್ಲಿ ಹಂತ, ವರ್ಷನ್ ಎರಡೂ ಬೇಕು. ಬಿನ್‌ಯುಟಿಲ್ಸ್ (ಲಿಂಕರ್, ಅಸೆಂಬ್ಲರ್‌ಗಳ ಕಟ್ಟು) ಮತ್ತು ಜಿಸಿಸಿ ಕಂಪೈಲರ್‌ನ್ನು ಬೇರೆ ಬೇರೆ ಹಂತಗಳಲ್ಲಿ ಮೂರು ಮೂರು ಸಲ ಕಟ್ಟಬೇಕಲ್ಲ, ಬರೀ ‘ಜಿಸಿಸಿ’ ಎಂದಿಟ್ಟರೆ ಎರಡನೇ ಸಲ ಕಟ್ಟುವುದೇ ಇಲ್ಲ. ಇದನ್ನೆಲ್ಲ ಬರೆಯಲು ಬೇಜಾರಾದರೆ ‘ಜೆಹೆಚ್‌ಎಎಲ್‌ಎಫ್‌ಎಸ್’ ಎಂಬ ಸಿದ್ಧ ಟೂಲ್ ಇದೆ. ಅದು ಕೈಪಿಡಿಯ ಎಕ್ಸ್‌ಎಂಎಲ್ ಮೂಲ ಫೈಲ್‌ಗಳಿಂದಲೇ ಕಮಾಂಡ್‌ಗಳನ್ನು ಹೆಕ್ಕಿ, ‘ಮೇಕ್’ ಓದಿ ನಡೆಸುವ ಮೇಕ್‌ಫೈಲ್ ತಯಾರಿಸುತ್ತದೆ.

ಹೊಸ ವರ್ಷನ್ ಹಾಕುವಾಗ

ಕಂಪೈಲರ್‌ನ್ನು ಒಂಟಿಯಾಗಿ ಬದಲಿಸಿ, ಜೊತೆಗೆ ಬೇರೇನನ್ನೂ ಮುಟ್ಟಬೇಡಿ. ಘೋಷಿಸದ ಫಂಕ್ಷನ್ ಕರೆದರೆ ಮೊದಲು ಬರೀ ಎಚ್ಚರಿಕೆ ಬರುತ್ತಿತ್ತು. ಜಿಸಿಸಿ 14 ಅದನ್ನು ತಪ್ಪೆಂದು ನಿಲ್ಲಿಸಿಬಿಡುತ್ತದೆ. ಜಿಸಿಸಿ 15ರಲ್ಲಿ ಸಿ ಭಾಷೆಯ ಡಿಫಾಲ್ಟ್ ಆವೃತ್ತಿಯೇ (ಸ್ಟ್ಯಾಂಡರ್ಡ್) ಸಿ23 ಆಯಿತು. ಅಲ್ಲಿ ‘ಬೂಲ್’ ಮೀಸಲು ಪದ. ಅದೇ ಹೆಸರನ್ನು ತಾವೇ ವ್ಯಾಖ್ಯಾನಿಸಿಕೊಂಡಿದ್ದ ಹಳೆಯ ಕೋಡ್ ಕಂಪೈಲ್ ಆಗುವುದಿಲ್ಲ. ಹಳೆಯ ಸಿ17 ಆಯ್ಕೆ ಕೊಟ್ಟರೆ ಎಷ್ಟೋ ಕಡೆ ದಾರಿ ಸಿಗುತ್ತದೆ. ಆದರೆ ಅದನ್ನು ಎಲ್ಲಾ ಪ್ಯಾಕೇಜ್‌ಗಳಿಗೂ ಹಚ್ಚುವುದು ಸೋಮಾರಿತನ. ಬೇಕಾದ ಪ್ಯಾಕೇಜ್‌ನಲ್ಲಿ ಮಾತ್ರ ಹಾಕಿ, ಪಕ್ಕದಲ್ಲಿ ಕಾರಣ ಬರೆದು, ಮುಂದಿನ ವರ್ಷನ್ ಬಂದಾಗ ತೆಗೆದು ನೋಡಿ.

ಪರೀಕ್ಷೆಗಳ ವಿಷಯದಲ್ಲಿ ಸ್ವಲ್ಪ ಸಡಿಲ ಬಿಡಿ. ಜಿಲಿಬ್‌ಸಿ (ಸಿ ಭಾಷೆಯ ಮೂಲ ಲೈಬ್ರರಿ), ಜಿಸಿಸಿಯಂಥವುಗಳ ಕೆಲವು ಪರೀಕ್ಷೆಗಳು ಎಲ್ಲ ಸರಿಯಿದ್ದರೂ ಫೇಲ್ ಆಗುತ್ತವೆ. ಗೊತ್ತಿರುವ ಈ ಸೋಲುಗಳ ಪಟ್ಟಿಯನ್ನು ಸ್ಕ್ರಿಪ್ಟ್‌ಗಳ ಜೊತೆಗೇ ಇಟ್ಟು, ಪ್ರತಿ ಸಲದ ಲಾಗ್ ಜೊತೆ ಹೋಲಿಸಿ. ಪಟ್ಟಿಯಲ್ಲಿಲ್ಲದ ಹೆಸರು ಕಂಡರೆ ಮಾತ್ರ ಬಿಲ್ಡ್ ನಿಲ್ಲಲಿ.